ಪವಿತ್ರಳ ಪಾಲಿನ ಖರ್ಚು

ಶಿಡ್ಲಘಟ್ಟದಲ್ಲಿ ಹುಟ್ಟಿ ಬೆಳೆದವರಿಗೆ ರೇಷ್ಮೆಗೂಡು ಬೇಯಿಸುವ ವಾಸನೆ ಒಂದು ವಾಸನೆಯೇ ಅಲ್ಲ. ನಮ್ಮ ಅಬ್ಬಾ ಆ ಬಿಸಿನೀರಿನ ಮುಂದೆ ಕೂತು ನೂಲೆಳೆದೇ ನಮ್ಮನ್ನು ಸಾಕಿದರು. ಗೌರಿಬಿದನೂರಿಗೆ ಸೊಸೆಯಾಗಿ ಹೋದ ನಮ್ಮ ಅಕ್ಕ ಮಾತ್ರ ಈಗ ತವರಿಗೆ ಬಂದಾಗಲೆಲ್ಲ ದುಪಟ್ಟಾವನ್ನು ಮೂಗಿಗೆ ಒತ್ತಿಕೊಳ್ಳುತ್ತಾಳೆ. ಇದೇ ಗಾಳಿಯಲ್ಲಿ ಉಂಡು ಬೆಳೆದವಳು ನೀನು, ಬಹಳ ಬಿಂಕ ಬೇಡ ಎಂದು ನಾನು ರೇಗಿಸುತ್ತೇನೆ. ನಾನೀಗ ಚಿಂತಾಮಣಿ ಕಡೆಯ ಒಂದು ದೊಡ್ಡ ಶಾಲೆಯಲ್ಲಿ ಟೀಚರು. ಆಗಾಗ ಅಮ್ಮಿಯನ್ನು ನೋಡಲು ಬರುತ್ತೇನೆ. ಮೊನ್ನೆ ಜಡಿಮಳೆಯ ಮಧ್ಯಾಹ್ನ ಬಸ್ಸಿಳಿದು ನಮ್ಮ ಬೀದಿಗೆ ತಿರುಗಿದ್ದೇ ತಡ, ಯಾವುದೋ ಮನೆಯಲ್ಲಿ ಬೇಯುವ ಗೂಡಿನ ಮುಚ್ಚಳ ತೆಗೆದರು. ಒದ್ದೆ ಗಾಳಿಯಲ್ಲಿ ಬೆಂದ ಹುಳುವಿನ ವಾಸನೆ ಮೇಲೇಳದೆ ರಸ್ತೆಯ ಮಟ್ಟದಲ್ಲೇ ಬಂತು. ಅದರೊಳಗಿಂದ ಒಬ್ಬ ಹೆಂಗಸು, ಹಿಂದೊಮ್ಮೆ ನನ್ನ ಸ್ಕೂಟಿಯ ಹಿಂದಿನ ಸೀಟಿನಲ್ಲಿ ಕೂರುತ್ತಿದ್ದವಳು, ಕೇಳಿದ ಹಾಗಾಯಿತು: "ಶಾಹೀನ್, ಐದರಿಂದ ಭಾಗಿಸಲೋ, ಆರರಿಂದಲೋ?"

ನಾನು ನಿಂತುಬಿಟ್ಟೆ. ಎದುರು ಅಂಗಡಿಯವರು ಏನಾಯ್ತು ಮೇಡಮ್ ಎಂದು ಕೇಳಿದರು. ಏನಿಲ್ಲ ಎಂದೆ. ಆ ವರ್ಷದ ಬಗ್ಗೆ ಯಾರು ಕೇಳಿದರೂ ಹೀಗೆಯೇ ಏನಿಲ್ಲ ಎಂದು ಹೇಳಿಕೊಂಡು ಬಂದಿದ್ದೇನೆ. ಇವತ್ತು ಹೇಳಿಬಿಡುತ್ತೇನೆ.

ಕೊರೋನಾ ಕಳೆದು ಶಾಲೆಗಳು ಮತ್ತೆ ಬಾಗಿಲು ತೆರೆದ ಮೇಲಿನ ವರ್ಷಗಳಲ್ಲಿ ಅದೊಂದು. ನಾನಾಗ ದಿಬ್ಬೂರಹಳ್ಳಿಯಿಂದ ಇನ್ನೂ ಒಳಗೆ, ಹಿಪ್ಪುನೇರಳೆ ತೋಟಗಳ ನಡುವಿನ ಒಂದು ಪುಟ್ಟ ಊರಿನ ಕಿರಿಯ ಪ್ರಾಥಮಿಕ ಶಾಲೆಯಲ್ಲಿದ್ದೆ. ಹೆಡ್‌ಮೇಡಮ್ಮೂ ನಾನೇ, ಗಂಟೆ ಹೊಡೆಯುವವಳೂ ನಾನೇ. ಸರ್ಕಾರ ಆ ಶಾಲೆಗೆ ಏನೂ ಕಡಿಮೆ ಮಾಡಿರಲಿಲ್ಲ. ಗೋಡೆಗೆ ಬಣ್ಣ, ಬಣ್ಣದ ಮೇಲೆ ಚಿತ್ರ, ನೀರಿನ ಟ್ಯಾಂಕು, ಶೌಚಾಲಯ, ಬೆಳಿಗ್ಗೆ ಹಾಲು, ಮಧ್ಯಾಹ್ನ ಅನ್ನ ಸಾರು, ಮೊಟ್ಟೆ, ಪುಸ್ತಕ, ಯೂನಿಫಾರಮ್ಮು, ಶೂ ಎಲ್ಲ ಬರುತ್ತಿತ್ತು. ಮಕ್ಕಳು ಮಾತ್ರ ಐದೇ ಜನ. ಊರಿನ ಉಳಿದ ಮಕ್ಕಳನ್ನೆಲ್ಲ ಬೆಳಿಗ್ಗೆ ಒಂದು ಹಳದಿ ವ್ಯಾನು ಬಂದು ಟೈ ಕಟ್ಟಿದ ಕತ್ತುಗಳ ಸಮೇತ ತುಂಬಿಕೊಂಡು ಹೋಗುತ್ತಿತ್ತು. ಅದು ಹೋದ ಮೇಲೆ ಊರು ಗಪ್‌ಚಿಪ್. ಐವತ್ತು ಮಕ್ಕಳಿಗೆಂದು ಕಟ್ಟಿದ ಕೋಣೆಯಲ್ಲಿ ಐದು ಮಕ್ಕಳು ಮಗ್ಗಿ ಹೇಳಿದರೆ ಗೋಡೆ ಅದನ್ನು ಇನ್ನೊಂದು ಸಲ ಹೇಳುತ್ತಿತ್ತು.

ಹಾಜರಾತಿಯಲ್ಲಿ ಆರು ಹೆಸರಿತ್ತು. ಆರನೆಯದು ಪವಿತ್ರ. ಹಿಂದಿನ ಬೇಸಿಗೆ ರಜೆಯಲ್ಲಿ ಅಜ್ಜಿಯ ಜೊತೆ ಹಿಪ್ಪುನೇರಳೆ ಸೊಪ್ಪು ಕೊಯ್ಯಲು ಹೋದವಳು, ನೀರು ಮುಟ್ಟಲೆಂದು ಕೃಷಿ ಹೊಂಡದ ಅಂಚಿಗೆ ಬಗ್ಗಿದ್ದಳು. ಆ ಹೊಂಡಗಳ ಒಳಗೆಲ್ಲ ಕಪ್ಪು ಪ್ಲಾಸ್ಟಿಕ್ ಹಾಸಿರುತ್ತಾರೆ. ಜಾರಿದ ಮೇಲೆ ಹಿಡಿಯುವುದಕ್ಕೆ ಏನೂ ಇರುವುದಿಲ್ಲ. ಆಗ ಅವಳು ಎರಡನೇ ತರಗತಿ ಮುಗಿಸಿದ್ದಳು. ಅವಳ ಅಮ್ಮ ನರಸಮ್ಮನೇ ನಮ್ಮ ಶಾಲೆಯ ಅಡುಗೆಯವಳು. ಆ ಕೆಲಸವನ್ನು ಶಾಲೆಯಲ್ಲಿ ಓದುವ ಮಕ್ಕಳ ತಾಯಿಗೇ ಮೊದಲು ಕೊಡುವ ಪದ್ಧತಿ. ಹಾಗೆಂದೇ ಅವಳಿಗೆ ಸಿಕ್ಕಿತ್ತು.

ಜೂನ್‌ನಲ್ಲಿ ಶಾಲೆ ತೆರೆದಾಗ ನರಸಮ್ಮ ಬರುವುದಿಲ್ಲ ಎಂದುಕೊಂಡಿದ್ದೆ. ಬೆಳಿಗ್ಗೆಯೇ ಬಂದು ಪಾತ್ರೆ ತಿಕ್ಕುತ್ತಾ ಕೂತಿದ್ದಳು. ಇನ್ನೂ ಕೆಲವು ದಿನ ಮನೆಯಲ್ಲಿರಬಹುದಿತ್ತಲ್ಲ ನರಸಮ್ಮ ಎಂದೆ.

"ಮನ್ಯಾಗೆ ಏನೈತೆ ಮೇಡಮ್" ಎಂದಳು, ತಲೆ ಎತ್ತದೆ. ಆಮೇಲೆ ತಿಕ್ಕುವ ಕೈ ನಿಲ್ಲಿಸಿ ಹೇಳಿದಳು, "ಒಂದ್ ಮಾತು. ಅವಳ ಹೆಸರು ತೆಗೀಬೇಡಿ. ಸ್ಕೂಲ್ ಇರೋವರ್ಗೂ ಅವಳು ಮೂರ್ನೇ ಕ್ಲಾಸು. ಸ್ಕೂಲಲ್ಲೂ ಇಲ್ಲ ಅಂದ್ರೆ ಅವಳು ಇನ್ನೆಲ್ಲೂ ಇಲ್ಲ."

ಹೆಸರು ತೆಗೆಯಲು ಮರಣಪತ್ರ ಬೇಕು. ಅವಳ ಗಂಡ ಅದನ್ನು ತಂದುಕೊಡಲಿಲ್ಲ, ನಾನೂ ಕೇಳಲಿಲ್ಲ. ದಿನವೂ ಐದು ಹೆಸರು ಕರೆದು ಮುಗಿಸಿದಾಗ ಅಡುಗೆಮನೆಯಲ್ಲಿ ಸೌಟಿನ ಸದ್ದು ನಿಲ್ಲುತ್ತಿತ್ತು. ನಾನು ಆರನೆಯ ಹೆಸರನ್ನು ಕರೆಯುತ್ತಿದ್ದೆ. ಆಮೇಲೆ ಸೌಟಿನ ಸದ್ದು ಮತ್ತೆ ಶುರುವಾಗುತ್ತಿತ್ತು. ಊಟದ ಹೊತ್ತಿಗೆ ಅವಳು ಗೋಡೆಯ ಪಕ್ಕ ಒಂದು ತಟ್ಟೆ ಹೆಚ್ಚಿಗೆ ಇಡುತ್ತಿದ್ದಳು. ಸ್ಕೂಲಲ್ಲೇ ಎಡೆ ಇಡ್ತಾಳಂತೆ ಎಂದು ಊರಿನಲ್ಲಿ ಮಾತಾಯಿತು. ಸತ್ತವರಿಗೆ ಎಡೆ ಇಡುವುದನ್ನು ನಾನೂ ಕಂಡವಳೇ, ಅದು ಬೇರೆ. ಎಡೆ ಇಟ್ಟವರು ದೂರ ಸರಿದು ನಿಲ್ಲುತ್ತಾರೆ. ನರಸಮ್ಮ ಬಗ್ಗಿ, ಅನ್ನದ ಬಿಸಿ ಆರಿದೆಯಾ ಎಂದು ಬೆರಳಲ್ಲಿ ಮುಟ್ಟಿ ನೋಡುತ್ತಿದ್ದಳು.

ಮಳೆಗಾಲ ಹಿಡಿದ ಮೇಲೆ ತಮಂಡ ಬಂದಳು. ಆಫ್ರಿಕಾದ ಮಲಾವಿ ದೇಶದವಳು, ಅಲ್ಲಿನ ಸರ್ಕಾರದ ಶಿಕ್ಷಣ ಇಲಾಖೆಯಲ್ಲಿ ಕೆಲಸ, ಒಂದು ವರ್ಷಕ್ಕೆಂದು ಬೆಂಗಳೂರಿಗೆ ಓದಲು ಬಂದಿದ್ದಳು. ಅವಳ ವಿಷಯ ಕೇಳುವುದಕ್ಕೆ ಸುಲಭ: ಪ್ರಾಥಮಿಕ ಶಾಲೆಯ ಒಂದು ಮಗುವಿನ ಮೇಲೆ ನಿಮ್ಮ ಸರ್ಕಾರ ಎಷ್ಟು ಖರ್ಚು ಮಾಡುತ್ತದೆ, ನಮ್ಮ ಸರ್ಕಾರ ಎಷ್ಟು ಮಾಡುತ್ತದೆ, ಆ ದುಡ್ಡು ಮಗುವಿನ ಕೈಗೆ ಯಾವ ರೂಪದಲ್ಲಿ ತಲುಪುತ್ತದೆ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿಯ ಶಾಲೆಗಳನ್ನು ನೋಡಿ ಮುಗಿಸಿ, ಕಡೆಗೆ ನಮ್ಮ ತಾಲ್ಲೂಕಿಗೆ ಬಂದಿದ್ದಳು. ಉಳಿಯಲು ಜಾಗ ಬೇಕಿತ್ತು. ನಮ್ಮ ಮನೆಯ ಮಹಡಿ ಕೋಣೆ ಖಾಲಿ ಇತ್ತು. ಮೊದಲ ದಿನವೇ ಅವಳು ಕಿಟಕಿ ತೆಗೆದು, ಈ ವಾಸನೆ ಏನು ಎಂದು ಕೇಳಿದಳು. ಇದೇ ನಮ್ಮ ಅನ್ನ ಎಂದೆ. ಮೂಗು ಮುಚ್ಚಲಿಲ್ಲ. ಅಮ್ಮಿಗೆ ಅಷ್ಟೇ ಸಾಕಾಯಿತು, ಮಗಳ ಹಾಗೆ ಇಟ್ಟುಕೊಂಡಳು.

ಬೆಳಿಗ್ಗೆ ಇಬ್ಬರೂ ಸ್ಕೂಟಿಯಲ್ಲಿ ಹೋಗುತ್ತಿದ್ದೆವು. ನನ್ನ ಸರ್ಕಾರಿ ಇಂಗ್ಲಿಷಿಗೂ ಅವಳ ಇಂಗ್ಲಿಷಿಗೂ ಮೊದಲ ವಾರ ಜಗಳ, ಆಮೇಲೆ ಒಪ್ಪಂದವಾಯಿತು. ಊರಿನ ಹೆಂಗಸರು ಮೊದಲು ಅವಳ ಜಡೆ ನೋಡಲೆಂದೇ ಬಂದರು. ಶಾಲಾ ಸಮಿತಿಯ ಅಧ್ಯಕ್ಷ ಬೈರಾರೆಡ್ಡಿಯವರು ತಮ್ಮ ಮನೆಯಲ್ಲಿ ಅವಳಿಗೆ ರಾಗಿ ಮುದ್ದೆ ಬಡಿಸಿ, ಹೇಗೆ ತಿಂತಾಳೆ ನೋಡಣ ಎಂದು ಎದುರಿಗೆ ಕೂತರು. ಅವಳು ಮುರಿದು, ಉಂಡೆ ಮಾಡಿ, ಸಾರಿಗೆ ಅದ್ದಿ ನುಂಗಿದಳು. ನಮ್ಮಲ್ಲಿ ಮುಸುಕಿನ ಜೋಳದ ಹಿಟ್ಟಿನಲ್ಲಿ ಇದನ್ನೇ ಮಾಡುತ್ತೇವೆ, ಇದಿಲ್ಲದಿದ್ದರೆ ಊಟ ಮಾಡಿದ ಹಾಗಲ್ಲ ಎಂದಳು. ನಾನು ಅದನ್ನು ಕನ್ನಡದಲ್ಲಿ ಹೇಳಿದಾಗ ರೆಡ್ಡಿಯವರ ಮುಖ ಅರಳಿತು. "ಇವಳು ನಮ್ಮವಳೇ ಬಿಡಿ ಮೇಡಮ್" ಎಂದರು. ಅಂದಿನಿಂದ ಊರಿಗೆ ಅವಳು ತಮ್ಮಂಡಮ್ಮ ಆದಳು.

ಆದರೆ ಲೆಕ್ಕಕ್ಕೆ ಕೂತರೆ ಅವಳ ಮುಖ ಬದಲಾಗುತ್ತಿತ್ತು. ನನ್ನ ಸಂಬಳ, ಅಡುಗೆಯವಳ ಸಂಬಳ, ಅಕ್ಕಿ, ಪುಸ್ತಕ ಎಲ್ಲ ಕೂಡಿಸಿ ಮಕ್ಕಳ ಸಂಖ್ಯೆಯಿಂದ ಭಾಗಿಸಿದರೆ ನಮ್ಮ ಶಾಲೆಯ ಮಗು ರಾಜಕುಮಾರನಿಗೆ ಸಮ. ಮಕ್ಕಳು ಕಡಿಮೆಯಾದಷ್ಟೂ ಒಬ್ಬೊಬ್ಬರ ಪಾಲು ಹೆಚ್ಚುತ್ತದೆ. ಅವಳ ದೇಶದಲ್ಲಿ ಇದರ ತಿರುಗುಮುರುಗು. "ನಮ್ಮ ಸರ್ಕಾರ ಕೈಕಟ್ಟಿ ಕೂತಿದೆ ಅಂದ್ಕೋಬೇಡ" ಎಂದು ಹೇಳುತ್ತಿದ್ದಳು. "ಫೀಸು ತೆಗೆದ ವರ್ಷ ಮಕ್ಕಳು ಒಟ್ಟಿಗೆ ನುಗ್ಗಿದರು. ದುಡ್ಡು ಹೆಚ್ಚಿತು, ಮಕ್ಕಳು ಅದಕ್ಕಿಂತ ಹೆಚ್ಚಿದರು. ಮೇಷ್ಟ್ರುಗಳೂ ಇರಲಿಲ್ಲ, ಕೋಣೆಗಳೂ ಇರಲಿಲ್ಲ. ನಮ್ಮ ಅಮ್ಮ ಮಾವಿನ ಮರದ ಕೆಳಗೆ ಪಾಠ ಮಾಡುತ್ತಿದ್ದಳು, ಕೊನೆಯ ಸಾಲಿನ ಮಕ್ಕಳು ಮರದ ನೆರಳಿನ ಆಚೆ ಬಿಸಿಲಿನಲ್ಲಿ ಕೂರುತ್ತಿದ್ದರು." ಹಾಗಾದರೆ ಯಾವ ದೇಶ ಮುಂದೆ, ಯಾವುದು ಹಿಂದೆ ಎಂದು ನಾನು ಕೇಳಿದೆ. "ಅದನ್ನು ಕಂಡುಹಿಡಿಯಲಿಕ್ಕೇ ಬಂದೆ. ಈಗ ನನ್ನ ಪ್ರಶ್ನೆಯೇ ಸರಿಯಿತ್ತಾ ಅಂತ ಅನುಮಾನ" ಎಂದಳು.

ಆಗಸ್ಟ್‌ನಲ್ಲಿ ಶೂ ಬಂದವು. ಅಳತೆ ಕೊಟ್ಟಿದ್ದು ಹಿಂದಿನ ಶಾಲಾವರ್ಷದ ಕೊನೆಯಲ್ಲಿ, ಮಕ್ಕಳು ಬೆಳೆಯುತ್ತಾರೆಂದು ಒಂದು ಸೈಜು ದೊಡ್ಡದು ಬರೆದು. ಆರು ಜೊತೆ ಬಂದವು. ಯೂನಿಫಾರಮ್ಮೂ ಆರು, ಮೂರನೇ ತರಗತಿಯ ಪುಸ್ತಕದ ಕಟ್ಟೂ ಇತ್ತು. ಮಕ್ಕಳು ತಮ್ಮದನ್ನು ಹಾಕಿಕೊಂಡು ಟಕಟಕ ಸದ್ದು ಮಾಡುತ್ತಾ ಓಡಾಡಿದರು. ಮೇಜಿನ ಮೇಲೆ ಒಂದು ಜೊತೆ ಉಳಿಯಿತು. ನಾನು ಅದನ್ನು ಮುಚ್ಚಿಡುವಷ್ಟರಲ್ಲಿ ನರಸಮ್ಮ ಬಂದಳು. ಒಂದು ಶೂ ಎತ್ತಿಕೊಂಡು ಒಳಗೆ ಕೈ ತೂರಿಸಿ, ಬೆರಳ ಜಾಗ ಒತ್ತಿ ನೋಡಿದಳು. "ಸರ್ಕಾರ್ದೋರು ಅಳತೆ ಚೆನ್ನಾಗ್ ಮಾಡವ್ರೆ" ಎಂದಳು. ಮನೆಗೆ ತೆಗೆದುಕೊಂಡು ಹೋಗು ಎಂದೆ. ಬೇಡ ಎಂದಳು. "ಇಲ್ಲೇ ಬೀರುವಿನಾಗ್ ಇರ್ಲಿ ಮೇಡಮ್. ಸ್ಕೂಲ್ ಶೂ ಅಲ್ವಾ."

ಆ ದಿನ ವಾಪಸ್ಸು ಬರುವಾಗ ತುಂತುರು. ಸೊಪ್ಪಿನ ತೋಟಗಳ ಮೇಲೆ ಹೊಗೆಯಂತೆ ಮೋಡ ಇಳಿದಿತ್ತು. ಹಿಂದಿನ ಸೀಟಿನಿಂದ ತಮಂಡ ಆ ಪ್ರಶ್ನೆ ಕೇಳಿದಳು. ಐದರಿಂದಲೋ, ಆರರಿಂದಲೋ. ನನಗೆ ಸಿಟ್ಟು ಬಂತು. ಬದುಕಿರುವುದು ಐದು, ಅದರಲ್ಲಿ ಕೇಳುವುದೇನಿದೆ ಎಂದೆ.

"ಖರ್ಚಾಗಿರುವುದು ಆರು ಮಕ್ಕಳಿಗೆ" ಎಂದಳು. ಆಮೇಲೆ ತನ್ನ ಅಮ್ಮನ ಕತೆ ಹೇಳಿದಳು. ಆ ಮರದ ಕೆಳಗಿನ ತರಗತಿಯಲ್ಲಿ ಒಬ್ಬ ಹುಡುಗ ಮಳೆಗಾಲದ ಜ್ವರಕ್ಕೆ ತೀರಿಕೊಂಡ. ಅವನ ಹೆಸರು ಕರೆದಾಗಲೆಲ್ಲ ಅವನ ಸ್ನೇಹಿತನೊಬ್ಬ ಅವನ ಬದಲು ಹಾಜರ್ ಎನ್ನುತ್ತಲೇ ಇದ್ದ. ಮೋಸಕ್ಕಲ್ಲ, ಹೆಸರು ಖಾಲಿ ಹೋಗುವುದು ಆ ಮಗುವಿಗೆ ಸಹಿಸಲಾಗಲಿಲ್ಲ. ಅಷ್ಟು ಮಕ್ಕಳ ನಡುವೆ ತಮಂಡಳ ಅಮ್ಮನಿಗೆ ಗೊತ್ತೇ ಆಗಲಿಲ್ಲ. ಆ ಹುಡುಗನ ಪಾಲಿನ ಸೀಮೆಸುಣ್ಣ, ಕಾಗದ ಬರುತ್ತಲೇ ಇತ್ತು. ಅವನ ತಾಯಿ ಒಂದು ದಿನ ಬಂದು, ನನ್ನ ಮಗ ಕೂರುತ್ತಿದ್ದ ಜಾಗ ಯಾವುದು ತೋರಿಸಿ ಎಂದು ಕೇಳಿದಾಗಲೇ ತಿಳಿದದ್ದು. ಜಾಗ ತೋರಿಸಲು ಅಮ್ಮನಿಗೆ ಆಗಲಿಲ್ಲ. "ಈಗ ಅಮ್ಮನಿಗೆ ವಯಸ್ಸಾಗಿದೆ. ಎಲ್ಲ ಮರೆತಿದ್ದಾಳೆ, ನನ್ನ ಹೆಸರೂ ಒಮ್ಮೊಮ್ಮೆ ಮರೆಯುತ್ತಾಳೆ. ಆ ಹುಡುಗನ ಹೆಸರು ಮರೆತಿಲ್ಲ."

ನಾನು ಗಾಡಿ ನಿಲ್ಲಿಸಿದೆ. ಇಬ್ಬರೂ ರಸ್ತೆಯ ಪಕ್ಕದ ಹುಣಸೆಮರದ ಕೆಳಗೆ ಮಳೆ ಬಿಡುವವರೆಗೆ ನಿಂತಿದ್ದೆವು. ನನ್ನ ಶಾಲೆಯಲ್ಲಿ ಯಾವ ಮಗು ಎಲ್ಲಿ ಕೂರುತ್ತದೆ, ಯಾವುದಕ್ಕೆ ಕೆಮ್ಮು, ಯಾವುದು ಮನೆಯಲ್ಲಿ ಏಟು ತಿಂದು ಬಂದಿದೆ ಎಲ್ಲವೂ ನನಗೆ ಗೊತ್ತಿತ್ತು. ಅದನ್ನು ಯಾವ ದೇಶದ ಯಾವ ಲೆಕ್ಕದಲ್ಲಿ ಬರೆಯುತ್ತಾರೋ ನನಗೆ ಗೊತ್ತಿಲ್ಲ. ತಮಂಡಳನ್ನು ಕೇಳಿದೆ. ಅದಕ್ಕೆ ಕಾಲಂ ಇಲ್ಲ ಎಂದಳು.

ದಸರಾ ರಜೆ ಮುಗಿದ ಮೇಲೆ ಸುದ್ದಿ ಹಬ್ಬಿತು. ಮಕ್ಕಳು ಕಡಿಮೆ ಇರುವ ಶಾಲೆಗಳನ್ನು ಪಕ್ಕದ ಊರಿನ ಶಾಲೆಗೆ ಸೇರಿಸುತ್ತಾರಂತೆ. ಇದೇನು ಹೊಸ ಸುದ್ದಿಯಲ್ಲ, ಪ್ರತಿ ವರ್ಷವೂ ಹುಟ್ಟಿ ಸಾಯುತ್ತದೆ. ಈ ಸಲ ಸುತ್ತಲಿನ ಶಾಲೆಗಳ ಮೇಲ್ವಿಚಾರಣೆ ನೋಡುವ ಕ್ಲಸ್ಟರಿನವರು ಫೋನ್ ಮಾಡಿ, "ಇರೋ ಆರು ಆರಾಗೇ ಇರ್ಲಿ ಮೇಡಮ್. ಒಂದು ಕಮ್ಮಿಯಾದ್ರೂ ಮೇಲಿನವರಿಗೆ ನೆಪ ಸಿಗುತ್ತೆ" ಎಂದರು. ಐದು ಎಂದು ಅವರಿಗೂ ಗೊತ್ತು. ನಾನು ಹೂಂ ಎಂದೆ. ಅಡುಗೆಮನೆಯ ಬಾಗಿಲಲ್ಲಿ ನರಸಮ್ಮ ನಿಂತು ಕೇಳಿಸಿಕೊಂಡಿದ್ದಳು.

ಅಂದಿನಿಂದ ಅವಳಿಗೆ ಒಂದೇ ಧ್ಯಾನ. ವ್ಯಾನು ಬರುವ ಹೊತ್ತಿಗೆ ಊರ ಬಾಗಿಲಲ್ಲಿ ನಿಂತು ಒಬ್ಬೊಬ್ಬ ತಾಯಿಯನ್ನೂ ಕೇಳಿದಳು. "ನಮ್ ಸ್ಕೂಲ್ಗೆ ಕಳ್ಸಕ್ಕಾ. ದಿನಾ ಮೊಟ್ಟೆ ನಾನೇ ಸುಲ್ದು ಕೊಡ್ತೀನಿ." ಯಾರೂ ಇಲ್ಲ ಎನ್ನಲಿಲ್ಲ, ಯಾರೂ ಕಳಿಸಲೂ ಇಲ್ಲ. ಕೈ ಮುಗಿದು ಬರುತ್ತಿದ್ದಳು. ಕಾರ್ತೀಕದ ಚಳಿಗೆ ಹುಳುವಿನ ಮನೆಗಳಲ್ಲಿ ಬೆಂಕಿಯ ಕಾವು ಇಡುವ ಕಾಲ. ಹುಳು ಹಣ್ಣಾಗಿ ಗೂಡು ಕಟ್ಟುವ ದಿನ ನಮ್ಮ ಐದು ಮಕ್ಕಳೂ ಶಾಲೆಗೆ ಬರುತ್ತಿರಲಿಲ್ಲ. ಮಾಗಿದ ಹುಳುಗಳನ್ನು ಆರಿಸಿ ಬಿದಿರಿನ ಚಂದ್ರಿಕೆ ತಟ್ಟಿಗಳ ಮೇಲೆ ಬಿಡಲು ಮನೆಯಲ್ಲಿ ಎಲ್ಲರ ಕೈಯೂ ಬೇಕು. ಅಂಥ ದಿನಗಳಲ್ಲಿ ನಾನು, ತಮಂಡ, ನರಸಮ್ಮ ಮೂವರೇ ಆ ದೊಡ್ಡ ಕೋಣೆಯಲ್ಲಿ ಇರುತ್ತಿದ್ದೆವು. ನಾನು ಆಗಲೂ ಹೆಸರು ಕರೆಯುತ್ತಿದ್ದೆ. ಆ ದಿನ ಎಲ್ಲ ಹೆಸರುಗಳೂ ಒಂದೇ ಥರ ಇರುತ್ತಿದ್ದವು, ಯಾವುದಕ್ಕೂ ಉತ್ತರವಿಲ್ಲ. ನರಸಮ್ಮ ಆ ದಿನಗಳಲ್ಲಿ ಸ್ವಲ್ಪ ಹಗುರವಾಗಿರುತ್ತಿದ್ದಳು ಎಂದು ನನಗೆ ಅನಿಸುತ್ತಿತ್ತು.

ತಮಂಡ ಹೊರಡುವ ದಿನ ಹತ್ತಿರ ಬಂತು. ಸಂಕ್ರಾಂತಿ ಆಗಿತ್ತು. ವಿದೇಶದಿಂದ ಬಂದವರಿಗೆ ಒಂದು ಶಾಲು ಹೊದಿಸಬೇಕೆಂದು ತಾಲ್ಲೂಕಿನಿಂದ ಒಬ್ಬ ಅಧಿಕಾರಿ ಬರುವುದೆಂದಾಯಿತು. ಬೈರಾರೆಡ್ಡಿಯವರು ಇದನ್ನು ತಪಾಸಣೆ ಎಂದೇ ತಿಳಿದರು. ನಾನು ಅಧಿಕಾರಿಯ ಜೀಪಿಗೆ ದಾರಿ ತೋರಿಸಲು ಬೀಗದ ಕೈಗಳನ್ನು ರೆಡ್ಡಿಯವರ ಕೈಗೆ ಕೊಟ್ಟು ದಿಬ್ಬೂರಹಳ್ಳಿಗೆ ಹೋದೆ. ಹಿಂದೆಯೂ ಎಷ್ಟೋ ಸಲ ಹಾಗೆ ಕೊಟ್ಟಿದ್ದೆ.

ವಾಪಸ್ಸು ಬಂದು ಬಾಗಿಲಲ್ಲಿ ನಿಂತಾಗ ಮಕ್ಕಳು ಸಾಲಾಗಿ ಊಟಕ್ಕೆ ಕೂತಿದ್ದರು. ಗೋಡೆಯ ಪಕ್ಕದ ಜಾಗದಲ್ಲಿ, ಬಾಗಿಲಿಗೆ ಬೆನ್ನು ಮಾಡಿ, ಎರಡು ಜಡೆಯ ಒಂದು ಹುಡುಗಿ ಕೂತಿತ್ತು. ನೀಲಿ ಯೂನಿಫಾರಮ್ಮು, ಹೊಸ ಶೂ. ಸುಳ್ಳು ಹೇಳುವುದಿಲ್ಲ, ಒಂದು ಗಳಿಗೆ ನನಗೆ ಖುಷಿಯಾಯಿತು. ಬಂದಳಲ್ಲ ಎನಿಸಿತು. ಆಮೇಲೆ ಅವಳು ತಿರುಗಿದಳು. ಬೈರಾರೆಡ್ಡಿಯವರ ಮೊಮ್ಮಗಳು ಹರ್ಷಿತ, ಪವಿತ್ರಳ ಓರಗೆಯವಳು, ದಿನವೂ ವ್ಯಾನಿನಲ್ಲಿ ಹೋಗುವವಳು.

ರೆಡ್ಡಿಯವರು ನನ್ನನ್ನು ಪಕ್ಕಕ್ಕೆ ಎಳೆದು ಪಿಸುಗುಟ್ಟಿದರು. "ನರಸಮ್ಮನಿಗೋಸ್ಕರ ಮೇಡಮ್. ಇವತ್ತೊಂದಿನ ಆರು ತೋರಿಸ್ಬಿಡಣ. ಬೀರುವಿನಾಗೆ ಬಟ್ಟೆ ಇತ್ತು, ಶೂ ಇತ್ತು. ಸುಮ್ನೆ ಇದ್ವಲ್ಲ." ಆ ಮನುಷ್ಯನ ಕಣ್ಣಲ್ಲಿ ಒಳ್ಳೆಯದು ಮಾಡಿದ ಸಮಾಧಾನವಿತ್ತು. ಒಳ್ಳೆಯವರು ಇಂಥ ಕೆಲಸ ಮಾಡಿದಾಗ ಬೈಯುವುದಾದರೂ ಹೇಗೆ. ಅಷ್ಟರಲ್ಲಿ ಅಧಿಕಾರಿ, ತಮಂಡ ಇಬ್ಬರೂ ಒಳಗೆ ಬಂದಾಗಿತ್ತು. ನರಸಮ್ಮ ಬೆಳಗಿನಿಂದ ಒಲೆಯ ಮುಂದೆ ಇದ್ದವಳು, ಏನೂ ನೋಡಿರಲಿಲ್ಲ. ಸಾರಿನ ಬಕೆಟ್ಟು ಹಿಡಿದು ಹೊರಗೆ ಬಂದಳು.

ಮೊದಲ ಮಗುವಿಗೆ ಬಡಿಸಿದಳು, ಎರಡನೆಯದಕ್ಕೆ ಬಡಿಸಿದಳು. ಗೋಡೆಯ ಪಕ್ಕಕ್ಕೆ ಬಂದಾಗ ಸೌಟು ನಿಂತಿತು. ನಾನು ಹೋಗಿ ಅವಳ ಕೈ ಹಿಡಿಯಬೇಕೆಂದುಕೊಂಡೆ. ಅಷ್ಟರಲ್ಲಿ ಅವಳು ಸೌಟನ್ನು ಬಗ್ಗಿಸಿ, ಆ ಮಗುವಿಗೂ ಬಡಿಸಿದಳು.

ಅಧಿಕಾರಿ ಕೆಟ್ಟವರಲ್ಲ. ಕೈಯಲ್ಲಿದ್ದ ಹಾಳೆ ನೋಡಿ, "ಅಡುಗೆಯವರ ಮಗಳೂ ಇಲ್ಲೇ ಮೂರನೇ ಕ್ಲಾಸು ಅಂತ ಇದೆಯಲ್ಲಮ್ಮ, ಯಾವ ಮಗು?" ಎಂದು ಕೇಳಿದರು. ಎಲ್ಲರ ಕಣ್ಣೂ ಹರ್ಷಿತಳ ಕಡೆ ಹೋಯಿತು. "ಇದೇನಾ? ಬಾಮ್ಮ, ಮಗಳ ಪಕ್ಕ ನಿಂತ್ಕೋ. ಹೆಗಲ ಮೇಲೆ ಕೈ ಹಾಕು. ಒಂದು ಫೋಟೋ ತೆಗೀತೀನಿ, ಮೇಡಮ್ ಅವರ ದೇಶಕ್ಕೂ ಕಳಿಸಬಹುದು."

ನರಸಮ್ಮ ಬಕೆಟ್ಟು ಕೆಳಗಿಟ್ಟಳು. ಹೂಂ ಅಂದರೆ ಶಾಲೆ ಉಳಿಯುತ್ತದೆ ಎಂದೇ ಅಲ್ಲಿದ್ದ ನಾವೆಲ್ಲ ನಂಬಿದ್ದೆವು, ಅವಳೂ ನಂಬಿದ್ದಳು. ಪಕ್ಕಕ್ಕೆ ಹೋಗಿ ನಿಂತಳು. ಹೆಗಲ ಮೇಲೆ ಕೈ ಇಡಲು ಹೋದಾಗ ಹರ್ಷಿತ ಮೆಲ್ಲಗೆ ಎದ್ದು ನಿಂತಿತು. ನಿಂತಾಗ ಮುಖ ಹಿಂಡಿತು. ಒಂದು ಕಾಲಿನ ಮೇಲೆ ಇನ್ನೊಂದು ಕಾಲನ್ನು ಇಟ್ಟುಕೊಂಡಿತು.

ನರಸಮ್ಮ ಕೆಳಗೆ ನೋಡಿದಳು. ಅವಳ ಮನೆಮಾತು ತೆಲುಗು, ಮಕ್ಕಳನ್ನು ಮುದ್ದಿಸುವಾಗ ಮಾತ್ರ ಅದು ಬಾಯಿಗೆ ಬರುತ್ತಿತ್ತು, ತಲ್ಲಿ ಎಂದರೆ ತಾಯಿ. "ಕಾಲು ಕಚ್ತೈತಾ ತಲ್ಲಿ?"

ಹರ್ಷಿತ ತಲೆಯಾಡಿಸಿತು. "ತುಂಬಾ ಬಿಗಿ."

ನರಸಮ್ಮ ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು ಲೇಸು ಬಿಚ್ಚಿದಳು. ಒಂದು ಶೂ ತೆಗೆದಳು, ಇನ್ನೊಂದನ್ನೂ ತೆಗೆದಳು. ಕಾಲ್ಚೀಲ ಎಳೆದು ಹಿಮ್ಮಡಿಯಲ್ಲಿ ಎದ್ದ ಬೊಬ್ಬೆಗೆ ಸೆರಗು ಒತ್ತಿ ಹಿಡಿದಳು. ಅಧಿಕಾರಿ ಫೋನು ಎತ್ತಿ ಹಿಡಿದವರು ಕೈ ಇಳಿಸಿದರು.

"ಇದ್ದಿದ್ರೆ ನಮ್ ಪವಿತ್ರಂಗೂ ಇಷ್ಟೊತ್ಗೆ ಚಿಕ್ಕದಾಗೋದು ಈ ಶೂ" ಎಂದಳು. ಯಾರಿಗೂ ಹೇಳಿದ ಹಾಗಿರಲಿಲ್ಲ. ಆಮೇಲೆ ಮುಖ ಎತ್ತಿ ಅಧಿಕಾರಿಗೆ ಹೇಳಿದಳು, "ಇದು ರೆಡ್ಡಿಗಾರ ಮೊಮ್ಮಗಳು ಸಾರ್. ನನ್ ಮಗಳು ಹೋದ್ ಬೇಸಿಗೇಲಿ ಹೊಂಡದಾಗ್ ಬಿದ್ದು ಸತ್ತೋದ್ಲು. ಇಲ್ಲಿರೋದು ಐದೇ ಮಕ್ಳು."

ಸತ್ತೋದ್ಲು ಎಂಬ ಮಾತು ಅವಳ ಬಾಯಲ್ಲಿ ನಾನು ಕೇಳಿದ್ದು ಅದೇ ಮೊದಲು. ಗೋಡೆ ಅದನ್ನೂ ಇನ್ನೊಂದು ಸಲ ಹೇಳಿತು. ಬೈರಾರೆಡ್ಡಿಯವರು ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡು ಹೊರಗೆ ಹೋಗಿ, ಕಂಬಕ್ಕೆ ಒರಗಿ ಅತ್ತರು. ಆ ಮಗುವೂ ಅಳಲು ಶುರುಮಾಡಿತು, ತಾನೇನು ತಪ್ಪು ಮಾಡಿದೆನೋ ಎಂದು. ನರಸಮ್ಮ ಅದನ್ನು ಮತ್ತೆ ಕೂರಿಸಿ, ತಟ್ಟೆಯ ಅನ್ನ ಕಲಸಿ, "ತಿನು ತಲ್ಲಿ, ಆರೋಗ್ತೈತೆ" ಎಂದು ತುತ್ತು ಬಾಯಿಗಿಟ್ಟಳು. ಆ ಮಗು ಅಳುತ್ತಳುತ್ತಲೇ ಪೂರ್ತಿ ಉಂಡಿತು. ಅಧಿಕಾರಿ ಯಾರ ಮೇಲೂ ರೇಗಲಿಲ್ಲ. ಶಾಲನ್ನು ಚೀಲದಿಂದ ಹೊರಗೆ ತೆಗೆಯಲೂ ಇಲ್ಲ. ಹೋಗುವಾಗ ನನ್ನ ಹತ್ತಿರ, ನೋಡಿದ ಮೇಲೆ ನಾನು ಬರೀಲೇಬೇಕಾಗುತ್ತೆ ಮೇಡಮ್ ಎಂದು ಮಾತ್ರ ಹೇಳಿದರು.

ಎರಡು ದಿನ ಬಿಟ್ಟು ತಮಂಡಳನ್ನು ಬಸ್‌ಸ್ಟ್ಯಾಂಡಿಗೆ ಬಿಟ್ಟೆ. ಬಸ್ಸು ಹತ್ತುವ ಮೊದಲು ನಾನೇ ಕೇಳಿದೆ, ಕಡೆಗೆ ಯಾವುದರಿಂದ ಭಾಗಿಸಿದೆ ಎಂದು. "ಐದು. ಅವರಮ್ಮನೇ ಹೇಳಿದ ಮೇಲೆ ನಾನು ಯಾರು" ಎಂದಳು. ಊರಿಗೆ ಹೋದ ಮೇಲೆ ಬರೆದು ಮುಗಿಸಿದ ಪುಸ್ತಕವನ್ನು ಫೋನಿಗೆ ಕಳಿಸಿದಳು. ಮಲಾವಿಯ ಮಗುವಿಗೆ ಇಷ್ಟು, ಇಂಡಿಯಾದ ಮಗುವಿಗೆ ಇಷ್ಟು ಎಂದು ನಕ್ಷೆಯಲ್ಲಿ ಎದುರುಬದುರು ಕಂಬಗಳಿವೆ. ನಮ್ಮ ಶಾಲೆಯ ಕಂಬ ಎಲ್ಲಕ್ಕಿಂತ ಎತ್ತರ. ಪವಿತ್ರ ಹೋದದ್ದರಿಂದ ಉಳಿದ ಐದು ಮಕ್ಕಳ ಪಾಲು ಹೆಚ್ಚಾಯಿತು ಎಂದು ಆ ಕಂಬ ಹೇಳುತ್ತದೆ. ಲೆಕ್ಕದಲ್ಲಿ ಏನೂ ತಪ್ಪಿಲ್ಲ. ನಾನೇ ಕಾಗದದ ಮೇಲೆ ಮಾಡಿ ನೋಡಿದೆ.

ಬೇಸಿಗೆಯಲ್ಲಿ ಆದೇಶ ಬಂತು. ಐದು ಮಕ್ಕಳೂ ಪಕ್ಕದ ಊರಿನ ಶಾಲೆಗೆ, ನಾನು ಚಿಂತಾಮಣಿ ಕಡೆಗೆ. ನರಸಮ್ಮನಿಗೆ ಎಲ್ಲಿಯೂ ಜಾಗವಿರಲಿಲ್ಲ, ಸೊಪ್ಪಿನ ತೋಟಕ್ಕೆ ಕೂಲಿಗೆ ಹೋಗುತ್ತೇನೆ ಎಂದಳು. ನಿನ್ನ ಬಾಯಿಂದಲೇ ಹೀಗಾಯ್ತು ಎಂದು ಊರಿನಲ್ಲಿ ಯಾರೋ ಅವಳಿಗೆ ಹೇಳಿದರಂತೆ. ಅವರಿಗೆ ನಾನು ಹೋಗಿ ಚೆನ್ನಾಗಿ ಬೈದು ಬಂದೆ. ನರಸಮ್ಮ ಬೈಯಲಿಲ್ಲ. ಕೊನೆಯ ದಿನ ಬಂದು ಒಲೆ ಸಾರಿಸಿ, ಪಾತ್ರೆಗಳನ್ನೆಲ್ಲ ಬೂದಿ ಹಾಕಿ ತಿಕ್ಕಿ, ಟೆಂಪೋದವರು ಬೆಂಚು ಹೇರುವವರೆಗೆ ಮೆಟ್ಟಿಲ ಮೇಲೆ ಕೂತಿದ್ದಳು.

ಟೆಂಪೋ ಹೋಯಿತು. ನಾನು ಬಾಗಿಲು ಎಳೆದುಕೊಂಡೆ, ಚಿಲಕ ಹಾಕಿದೆ. ಬೀಗ ಕೈಯಲ್ಲಿತ್ತು. ಏನನ್ನಿಸಿತೋ, ಚಿಲಕ ತೆಗೆದು ಮತ್ತೆ ಒಳಗೆ ಹೋದೆ. ಕಿಟಕಿ ಹಾಕಿದ್ದೀನಾ ನೋಡ್ತೀನಿ ನರಸಮ್ಮ ಎಂದು ಹೇಳಿ ಹೋದೆ. ಕಿಟಕಿಗಳೆಲ್ಲ ಹಾಕಿಯೇ ಇದ್ದವು. ಆದರೂ ನಿಂತೆ. ಬರಿದಾದ ಕೋಣೆಯಲ್ಲಿ ಬಾಗಿಲ ಮರೆ ನೋಡಿದೆ, ಬೀರು ಇದ್ದ ಮೂಲೆ ನೋಡಿದೆ, ಗೋಡೆಯ ಪಕ್ಕದ ಆ ಜಾಗದಲ್ಲಿ ಬಗ್ಗಿ ನೆಲ ಮುಟ್ಟಿ ನೋಡಿದೆ. ಬಾಯಲ್ಲಿ ಹೆಸರು ಬಂದುಬಿಟ್ಟಿತ್ತು, ಕರೆಯಲಿಲ್ಲ.

ಹೊರಗಿನಿಂದ ನರಸಮ್ಮನ ದನಿ ಕೇಳಿಸಿತು, ನಿಧಾನವಾಗಿ, ನನ್ನನ್ನೇ ಸಮಾಧಾನ ಮಾಡುವ ಹಾಗೆ.

"ಬನ್ನಿ ಮೇಡಮ್. ಅವಳಿಲ್ಲ ಅಲ್ಲಿ. ಬೆಳಗ್ಗೆನೇ ನಾನೂ ನೋಡ್ದೆ."